ರೆಬೆಕ್ಕನ ಸುಗ್ಗಿ

"ಹೇಳಿದ್ಲೇನು ಗಂಡಗ?"

ರೇವಣಸಿದ್ದಪ್ಪ ಸೇಫ್ಟಿ ಬೂಟು ಬಿಚ್ಚುವ ಮೊದಲೇ ಕೇಳಿದ. ಕೊಲ್ಲಿ ದೇಶದ ಕರಾಮದ ಆ ಮನೆಯಲ್ಲಿ ಈಚೆಗೆ ದಿನಾ ಸಂಜೆ ಇದೇ ಮೊದಲ ಮಾತು.

"ಇಲ್ರಿ," ಎಂದಳು ಹೆಂಡತಿ ದಾನೇಶ್ವರಿ. "ಸುಗ್ಗಿ ಮುಗೀಲಿ ಅಂತಾಳ."

"ಆ ಸುಗ್ಗಿಗಿಷ್ಟು ಬೆಂಕಿ ಹಚ್ಚು."

ಅವನಿಗೆ ನಿಜವಾಗಿಯೇ ಸಿಟ್ಟು ಬಂದಿತ್ತು. ಸಿಟ್ಟು ಬಂದರೂ ಮಾಡುವಂಥದ್ದು ಏನೂ ಇರಲಿಲ್ಲ. ರೆಬೆಕ್ಕ ಇದ್ದದ್ದು ಇಂಗ್ಲಿಷ್ ಕಾದಂಬರಿಯೊಳಗೆ.

ಅಮೆರಿಕದಲ್ಲಿ ಆಮಿಶ್ ಎಂಬ ಜನ ಇದ್ದಾರಂತೆ. ಮನೆಗೆ ಕರೆಂಟು ಬೇಡ, ಓಡಾಡಲು ಕಾರು ಬೇಡ. ಕುದುರೆಗಾಡಿ, ಹೊಲ, ದೇವರು, ಇಷ್ಟೇ. ಎದುರು ಮನೆಯ ಝುಲೈಖ ಅವರ ಪ್ರೇಮಕಥೆಗಳನ್ನೂ, ದನ ಕುದುರೆ ಸಾಕುವ ದೊಡ್ಡ ರ‍್ಯಾಂಚುಗಳ ಪ್ರೇಮಕಥೆಗಳನ್ನೂ ಹಳೇ ಪುಸ್ತಕದಂಗಡಿಯಿಂದ ತಂದು ಗುಡ್ಡೆ ಹಾಕಿದ್ದಳು. ದಾನೇಶ್ವರಿ ಅವನ್ನು ಒಂದೊಂದಾಗಿ ಓದಿ, ಊಟಕ್ಕೆ ಕೂತಾಗ ಗಂಡನಿಗೆ ಕನ್ನಡದಲ್ಲಿ ಹೇಳುವಳು. ಅವನು ಹಳ್ಳಿ ಶಾಲೆ ಕಲಿತವನು, ಪೈಪ್‌ಲೈನಿನ ಫೋರ್‌ಮನ್. ಸೈಟಿನ ಡ್ರಾಯಿಂಗು ಓದುತ್ತಿದ್ದ. ಇಂಗ್ಲಿಷ್ ಪುಸ್ತಕ ಅವನಿಂದಾಗದು.

ಯಾರೂ ಯಾರನ್ನೂ ಕೊಲ್ಲದ, ಎಲ್ಲರೂ ದುಡಿದು ಉಣ್ಣುವ ಆ ಕಥೆಗಳು ಅವನಿಗೆ ಹಿಡಿಸಿದ್ದವು. ಅವರ ಊಟ ಮಾತ್ರ ಹಿಡಿಸಲಿಲ್ಲ. ಬೆಣ್ಣೆ, ಬ್ರೆಡ್ಡು, ಸೇಬಿನ ಸಿಹಿ. ಖಾರ ತಿನ್ನದೆ ಈ ಮಂದಿ ಜಗಳ ಹೇಗೆ ಆಡುತ್ತಾರೆ ಎಂದು ಎಣ್ಣೆಗಾಯಿ ನಂಜಿಕೊಳ್ಳುತ್ತ ಕೇಳುತ್ತಿದ್ದ.

ಈ ಸಲದ ಕಥೆ ಬೇರೆ ತರಹದ್ದು. ರೆಬೆಕ್ಕನ ಕಂಕುಳಲ್ಲಿ, ಚರ್ಮದಡಿ, ಗಂಟೊಂದು ಕೈಗೆ ಸಿಕ್ಕಿತ್ತು. ಅವಳು ಗಂಡನಿಗೆ ಹೇಳಿರಲಿಲ್ಲ. ಗೋಧಿ ಕೊಯ್ಲು ತಲೆಯ ಮೇಲೆ ಬಂದಿತ್ತು.

"ಗಂಡ ಅನ್ನಾಂವ ಕುರುಡನೇನು?"

"ಕುರುಡಲ್ಲ. ದಣಿದು ಬರ್ತಾನ, ಉಣ್ತಾನ, ಮಲಗ್ತಾನ."

"ಹೇಳಿದ್ರ ಏನ್ ಕಡದು ಹಾಕ್ತಾನಂತ?"

ದಾನೇಶ್ವರಿ ಅವನ ತಟ್ಟೆಗೆ ಶೇಂಗಾ ಹಿಂಡಿ ಹಾಕಿದಳು. "ಮೊದಲ ಬೈತಾನ. ಆಮ್ಯಾಲ ಅಳ್ತಾನ. ಬೈಗಳ ತಡಕೋತೀನಿ, ಅಳೋದು ನೋಡಾಕ ಆಗಂಗಿಲ್ಲ ಅಂತಾಳ."

ರೇವಣಸಿದ್ದಪ್ಪ ರೊಟ್ಟಿ ಮುರಿದು ಹಿಂಡಿಗೆ ಒತ್ತಿದ. ಪುಸ್ತಕದೊಳಗೆ ಕೈ ಹಾಕಿ ಆ ಗಂಡನ ಕೊರಳಪಟ್ಟಿ ಹಿಡಿಯುವಂತಿದ್ದರೆ ಹಿಡಿಯುತ್ತಿದ್ದ. ಸೈಟಿನಲ್ಲಿ ಅವನು ಒಮ್ಮೆ ಕೂಗಿದರೆ ಕೆಲಸಗಾರರು ಓಡಿ ಬರುತ್ತಿದ್ದರು. ಈ ಪುಣ್ಯಾತ್ಮನಿಗೆ ಎಷ್ಟು ಕೂಗಿದರೂ ಕೇಳಿಸದು. ತನ್ನ ಮನೆಯ ಚಿಂತೆಗೆ ರೇವಣಸಿದ್ದಪ್ಪನಿಗೆ ಹೊತ್ತಿರಲಿಲ್ಲ. ದಾನೇಶ್ವರಿ ಊರಿಗೆ ಹೋಗೋಣವೇ ಎಂದರೂ, ಒಂದು ದಿನ ರಜೆ ಹಾಕುವಿರಾ ಎಂದರೂ, "ಹ್ಯಾಂಡೋವರ್ ಮುಗೀಲಿ" ಎಂದು ಸೈಟು ಒಪ್ಪಿಸುವ ಕೆಲಸದ ನೆಪ ಹೇಳುತ್ತಿದ್ದ. ರೆಬೆಕ್ಕನ ಚಿಂತೆ ಮಾತ್ರ ಪೈಪು ಎತ್ತಿಸುವಾಗಲೂ ಬಿಡುತ್ತಿರಲಿಲ್ಲ.

ಮುಂದೆ ಕಥೆಯಲ್ಲಿ ರೆಬೆಕ್ಕ ಗಂಡನಿಗೆ ರೊಟ್ಟಿ ಸುಡುವುದನ್ನು ಕಲಿಸತೊಡಗಿದಳು. ಮರುದಿನವೇ ದಾನೇಶ್ವರಿ ಜೋಳದ ಹಿಟ್ಟಿನ ಪರಾತವನ್ನು ಅವನ ಮುಂದೆ ಸರಿಸಿದಳು.

"ಆ ಗೌಡ ಕಲಿತಾನ, ನೀವು ಕಲಿಯಂಗಿಲ್ಲೇನು?"

ಬೈದುಕೊಳ್ಳುತ್ತಲೇ ನಾದಿದ. ಮೊದಲ ರೊಟ್ಟಿ ಹಂಚಿನ ಮೇಲೆ ಚೂರುಚೂರಾಯಿತು. ಅವಳು ಕಟ್ಟೆಗೆ ಒರಗಿ, ಎಡಗೈಯಲ್ಲಿ ಪುಸ್ತಕ ಹಿಡಿದು, ನೀರು ಇನ್ನೂ ಕುದಿಯಬೇಕಿತ್ತು, ಅಂಚು ಬಡಿಯಿರಿ ಎಂದು ಹೇಳಿಕೊಡುತ್ತಿದ್ದಳು. ತಾನು ಹಿಟ್ಟು ಮುಟ್ಟುತ್ತಿರಲಿಲ್ಲ. ಬರಬರುತ್ತ ರೊಟ್ಟಿ ಬಡಿಯುವುದು ಪೂರ್ತಿ ಅವನ ಪಾಲಿಗೇ ಬಂತು. ಆಮೇಲೆ ಪಲ್ಯ. ಆಮೇಲೆ ಖಾರದಪುಡಿ ಯಾವ ಡಬ್ಬಿಯಲ್ಲಿದೆ, ಹುಣಸೆಹಣ್ಣು ಎಲ್ಲಿದೆ ಎಂಬುದೂ ಬಾಯಿಪಾಠವಾಯಿತು.

ಆಗ ಅವನಿಗೆ ಅನುಮಾನ ಬಂತು. ಇಷ್ಟು ತೆಳುವಾದ ಪುಸ್ತಕದಲ್ಲಿ ಇಷ್ಟು ಉದ್ದದ ಕಥೆ ಹೇಗೆ ಹಿಡಿಸುತ್ತದೆ? ಮುಂದಿನ ಭಾಗ ಹುಡುಕುತ್ತೇನೆಂದು ಅವಳು ಆಗಾಗ ಮೆಟ್ರೊ ಹತ್ತಿ ಪುಸ್ತಕದಂಗಡಿಗೆ ಹೋಗುತ್ತಿದ್ದಳು. ಸುಸ್ತಾಗಿ ಬರಿಗೈಯಲ್ಲಿ ಬರುತ್ತಿದ್ದಳು. ಕಥೆ ಎಂದೋ ಮುಗಿದಿರಬೇಕು. ತನ್ನ ಕೈಯಲ್ಲಿ ಅಡುಗೆ ಮಾಡಿಸಲು ಇವಳೇ ಹೊಸೆಯುತ್ತಿದ್ದಾಳೆ. ಹಾಗೆ ಅನ್ನಿಸಿದಾಗ ಅವನಿಗೆ ನಗು ಬಂತು. ಸಿಕ್ಕಿಬೀಳಿಸಬೇಕು ಎಂದುಕೊಂಡ.

ಶುಕ್ರವಾರ ಸೈಟು ಬೇಗ ಬಿಟ್ಟಿತು. ದಾನೇಶ್ವರಿ ಅಂಗಡಿಗೆ ಹೋಗಿದ್ದಳು. ಪುಸ್ತಕ ಫ್ರಿಜ್ಜಿನ ಮೇಲಿತ್ತು. ರಟ್ಟಿನ ಮೇಲೆ ಬಿಳಿ ಟೋಪಿ ತೊಟ್ಟ ಹೆಣ್ಣುಮಗಳು, ಹಿಂದೆ ಗೋಧಿ ಹೊಲ. ಅದನ್ನೆತ್ತಿಕೊಂಡು ಎದುರು ಮನೆಯ ಬೆಲ್ಲು ಒತ್ತಿದ.

"ಝುಲೈಖಾಬಾಯಿ, ಇದನ್ನ ನೀವು ಓದೀರೇನು?"

"ಮೂರು ಸಲ ಓದಿದ್ದೇನೆ ಅಣ್ಣ. ಎಂತ ಆಯ್ತು?"

"ಇದರಾಗ ಗಂಡಸು ರೊಟ್ಟಿ ಸುಡೋದು ಕಲೀತಾನೇನು?"

ಝುಲೈಖ ನಕ್ಕಳು. "ಯಾರು ಹೇಳಿದ್ದು? ಇದರಲ್ಲಿ ಗಂಡಸರು ಅಡುಗೆಮನೆಗೆ ಕಾಲೇ ಇಡುವುದಿಲ್ಲ. ಅಡುಗೆ ಎಲ್ಲ ಹೆಂಗಸರದ್ದೇ."

ರೇವಣಸಿದ್ದಪ್ಪ ಬಾಗಿಲ ಚೌಕಟ್ಟು ಬಡಿದು ಗಹಗಹಿಸಿದ. ಕಳ್ಳಿ ಸಿಕ್ಕಿಬಿದ್ದಳು. ರಾತ್ರಿ ಊಟಕ್ಕೆ ಕೂತಾಗ ಹೇಗೆ ಕಾಡಬೇಕೆಂದು ಲೆಕ್ಕ ಹಾಕುತ್ತಲೇ ಹೊರಟವನು ಅರ್ಧಕ್ಕೆ ನಿಂತ. ಮುಖ್ಯವಾದದ್ದನ್ನು ಕೇಳಿರಲೇ ಇಲ್ಲ.

"ಅದಿರ್ಲಿ. ಕಡೀಕರ ಆ ರೆಬೆಕ್ಕ ಗಂಡಗ ಹೇಳ್ತಾಳೋ ಇಲ್ಲೋ?"

"ಎಂತದು ಹೇಳುವುದು?"

"ಗಂಟು." ಅವನು ತನ್ನ ಬಲಗಂಕುಳನ್ನು ಮುಟ್ಟಿ ತೋರಿಸಿದ. "ಇಲ್ಲಿ."

ಝುಲೈಖ ಪುಸ್ತಕ ತೆಗೆದುಕೊಂಡು ಹಾಳೆ ಮಗುಚಿದಳು. ಅವನ ಮುಖ ನೋಡಿದಳು. ಹಿಂದೆ ಬೀಗ ಹಾಕದೆ ತೆರೆದೇ ಬಿಟ್ಟಿದ್ದ ಅವರ ಮನೆಯ ಬಾಗಿಲು ನೋಡಿದಳು.

"ಇದರಲ್ಲಿ ಅಂಥದ್ದು ಎಂತದೂ ಇಲ್ಲ ಅಣ್ಣ," ಎಂದಳು ಮೆಲ್ಲಗೆ. "ರೆಬೆಕ್ಕನಿಗೆ ಮದುವೆಯಾಗುವುದೇ ಕಡೇ ಪುಟದಲ್ಲಿ."