ಪ್ರಾಮಾಣಿಕತೆಯ ಚುಚ್ಚುಮದ್ದು

ಕಡ್ಲೇಹಾಳದ ಪುರಸಭೆ ಸದಸ್ಯರು ಪ್ರಮಾಣವಚನಕ್ಕೆ ಮುಂಚೆ, ಧನಾವೇಶದ (ಪಾಸಿಟಿವ್ ಚಾರ್ಜಿನ) ಪೆಪ್ಟೈಡ್ ಎಂಬ ವಾಹಕ ಜೀವಕೋಶದೊಳಕ್ಕೆ ಹೊತ್ತೊಯ್ಯುವ, ನಿಜವನ್ನೇ ನುಡಿಸುವ ಪ್ರಾಮಾಣಿಕತೆಯ ಆರ್‌ಎನ್‌ಎ ಚುಚ್ಚಿಸಿಕೊಳ್ಳಬೇಕಿತ್ತು. ಹೊಸ ಸದಸ್ಯ ಕೊಟ್ರಬಸಪ್ಪ ಅಂಗಿಯ ತೋಳು ಮಡಚಿ ನರ್ಸ್ ಮೆಹರುನ್ನೀಸಾಳ ಮುಂದೆ ಕೂತರು.

“ಎಲ್ಲರೂ ತಗೊಳ್ಳೋ ಪೆಪ್ಟೈಡೇ ಹಾಕವ್ವ. ಜೀವಕೋಶದೊಳಗೆ ಹೋದ್ರೂ ಆರ್‌ಎನ್‌ಎನ ಗಟ್ಟಿ ಹಿಡ್ಕೊಂಡು ಬಿಡಂಗಿಲ್ಲಲ್ಲ, ಅದು. ಖರೇ ಮಾತು ಹೊರಗ ಬರಂಗಿಲ್ಲ.”

“ಅದು ಖಾಲಿ ಆಗೇತಿ ಸಾಹೇಬ್ರೆ. ಒಳಗೆ ಹೋದ ಮ್ಯಾಲೆ ಆರ್‌ಎನ್‌ಎನ ಬಿಟ್ಟುಕೊಡೋದು ಮಾತ್ರ ಉಳದೈತಿ.”

ಹೊರಗೆ ಅವರ ಹೆಸರು ಕೂಗಿದರು. ಬೆವರುತ್ತಲೇ ಚುಚ್ಚಿಸಿಕೊಂಡರು.

ವೇದಿಕೆಯಲ್ಲಿ ಬಾಯಿ ತಾನಾಗಿ ತೆರೆಯಿತು. “ನೀರಿನ ಟ್ಯಾಂಕಿನ ಕೆಲಸ ನನ್ನ ಭಾವಮೈದುನಗೇ ಕೊಡಸ್ತೀನಿ. ಅವಗೆ ಟ್ಯಾಂಕ್ ಕಟ್ಟಾಕ ಬರಂಗಿಲ್ಲ.”

ಕೊಟ್ರಬಸಪ್ಪ ತಲೆ ತಗ್ಗಿಸಿ ಕಲ್ಲೇಟಿಗೆ ಕಾದರು.

ಮುಂದಿನ ಸಾಲಿನ ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. “ಎಷ್ಟು ನೇರ ಮನುಷ್ಯ ನೋಡ್ರಿ.”

ಚಪ್ಪಾಳೆ ನಿಲ್ಲಲೇ ಇಲ್ಲ. ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿ, ಭಾವಮೈದುನನಿಗೂ ಒಂದು ಹಾರ ಹಾಕಿದರು.