ಕೊಲ್ಲಿಯ ಕಡೆಗೊಂದು ಕಿಟಕಿ

ನವರಾನಾ ಕೈಯಲ್ಲಿದ್ದ ಪುಟ್ಟ ಮರದ ಮನೆಯನ್ನು ನಕ್ಷೆಯ ಮೇಲೆ, ತನ್ನ ಗಂಡ ಕಣ್ಮರೆಯಾದ ಕೊಲ್ಲಿಯ ದಡದಲ್ಲಿ ಇಟ್ಟಳು. ಸಭೆಯಲ್ಲಿದ್ದವರು ನಕ್ಷೆಯತ್ತ ಬಾಗಿದರು. ಉತ್ತರ ಗ್ರೀನ್‌ಲ್ಯಾಂಡಿನ ಆ ಊರಿಗೆ ಈ ಬೇಸಿಗೆಯಲ್ಲಿ ಒಂದೇ ಒಂದು ಆಸರೆಮನೆ ಕಟ್ಟುವುದಿತ್ತು. ಬೇಟೆಗೆ ಹೋದಾಗ ಮಂಜುಗಡ್ಡೆ ಒಡೆದು ಸಿಕ್ಕಿಕೊಂಡವರು ಅಲ್ಲಿ ಸೇರಿ ಜೀವ ಉಳಿಸಿಕೊಳ್ಳಬೇಕು. ಜಾಗ ನೀನೇ ಹೇಳು ಎಂದು ಊರು ಅವಳಿಗೇ ಬಿಟ್ಟಿತ್ತು.

ಬಿಸಿಲು ಬಿದ್ದು ನಕ್ಷೆಯ ನೀಲಿ ಮೆಲ್ಲನೆ ಅಲುಗಿದಂತಾಯಿತು. ದೂರದಿಂದ ಗಂಡನ ನಾಯಿಗಳ ಜಾರುಬಂಡಿ ಸದ್ದಿಲ್ಲದೆ ತೇಲಿಬರುತ್ತಿತ್ತು. ನಾಯಿಗಳ ಉಸಿರು ಬೆಳ್ಳಗೆ ಹಬ್ಬಿ, ಅದರೊಳಗಿಂದ ಅವನು ಕೈಬೀಸಿದ. ಆಸರೆಮನೆಯ ಒಲೆ ಉರಿಯುತ್ತಿದೆ, ಇನ್ನೇನು ಬಂದೇಬಿಟ್ಟ ಅನ್ನಿಸಿತು ಅವಳಿಗೆ.

“ಅತ್ತಿಗೆ,” ಮೈದುನ ಉಸ್ಸರ್ಕಾಕ್ ಪಕ್ಕಕ್ಕೆ ಬಂದು ಕೂತ. “ಆ ಕೊಲ್ಲಿ ಈಗ ಸರಿಯಾಗಿ ಹೆಪ್ಪುಗಟ್ಟೋದೇ ಇಲ್ಲ. ಅಲ್ಲಿಗೆ ಯಾರೂ ಹೋಗಲ್ಲ.”

“ನಿಮ್ಮಣ್ಣ ಹೋಗಿದ್ರಲ್ಲ.”

“ಅಣ್ಣನಿಗೆ ಅವತ್ತು ಬೇಕಿತ್ತು ಈ ಮನೆ. ಇವತ್ತು ನಮಗೆ ಬೇಕು, ನಾವೀಗ ಬೇಟೆಗೆ ಹೋಗೋ ಜಲಸಂಧಿ ಹತ್ರ.”

ಅವಳ ಬೆರಳು ಬಹಳ ಹೊತ್ತು ಮನೆಯ ಮೇಲೇ ಇತ್ತು. ಆಮೇಲೆ ಅದನ್ನು ಎತ್ತಿ, ಜಲಸಂಧಿಯ ದಡದಲ್ಲಿ ಇಟ್ಟಳು.

“ಬಾಗಿಲು ಮಾತ್ರ ಕೊಲ್ಲಿ ಕಡೆಗಿರಲಿ.”

“ಗಾಳಿ ಬರೋದೇ ಆ ಕಡೆಯಿಂದ, ಅತ್ತಿಗೆ. ಹಿಮ ತುಂಬ್ಕೊಂಡ್ರೆ ಬಾಗಿಲು ತೆಗೆಯೋಕೇ ಆಗಲ್ಲ.” ಅವನು ಅವಳ ಮುಖ ನೋಡಿದ. “ಕಿಟಕಿ ಇಡೋಣ. ದೊಡ್ಡದೇ ಇಡೋಣ.”

“ದೊಡ್ಡದು ಯಾಕಪ್ಪಾ? ಒಳಗಿರೋರು ಚಳಿಗೆ ಸಾಯ್ಬೇಕಾ?” ಅಂದಳು ನವರಾನಾ. “ಚಿಕ್ಕದೇ ಸಾಕು.”