ಮುಚ್ಚಿದ್ದ ಪೆಟ್ರೋಲ್ ನಾಬ್

ಇಕ್ಕಳ ಹಾಕಿ ತಿರುಗಿಸಿದರೂ ನಾಬ್ ಅಲ್ಲಾಡಲಿಲ್ಲ. ಅಣ್ಣ ಬೆವರು ಒರೆಸಿಕೊಂಡು ಮತ್ತೆ ಬಗ್ಗಿ ನೋಡಿದ. ಲಾರಿ ಬಡಿದ ಹೊಡೆತಕ್ಕೆ ಮೋಟರ್‌ಸೈಕಲ್ಲಿನ ಟ್ಯಾಂಕು ಮಡಚಿಕೊಂಡು ಎಂಜಿನ್ನಿಗೆ ಪೆಟ್ರೋಲ್ ಬಿಡುವ ನಾಬನ್ನು ಕಚ್ಚಿ ಹಿಡಿದಿತ್ತು. ಅಂದರೆ ಬಡಿದ ಗಳಿಗೆಯಲ್ಲಿ ನಾಬ್ ಹೇಗಿತ್ತೋ ಇವತ್ತಿಗೂ ಹಾಗೇ ಇದೆ. ಮುಚ್ಚಿದೆ.

ಗಾಡಿ ಅವನ ತಮ್ಮನದು. ಒಂಬತ್ತು ತಿಂಗಳು ಪೊಲೀಸ್ ಠಾಣೆಯ ಅಂಗಳದಲ್ಲಿ ಬಿದ್ದಿದ್ದು ನಿನ್ನೆಯಷ್ಟೇ ಮನೆಗೆ ಬಂದಿತ್ತು. ತಮ್ಮ ಮಾತ್ರ ಬರಲಿಲ್ಲ. ಅವಸರದಲ್ಲಿ ಬಸ್ಸನ್ನು ಹಿಂದೆ ಹಾಕಲು ಹೋಗಿ ಎದುರಿನ ಲಾರಿಗೆ ಸಿಕ್ಕಿದ, ತಪ್ಪು ಅವನದೇ ಎಂದು ಠಾಣೆಯವರು ಬರೆದು ಕೈತೊಳೆದುಕೊಂಡಿದ್ದರು. ಹಳೇ ಗಾಡಿ ಹುಚ್ಚು ಜೀವ ತಿಂತು ಎಂದು ನೆಂಟರು ಲೊಚಗುಟ್ಟಿದ್ದರು. ಆ ಹುಚ್ಚು ಅಣ್ಣನಿಗೂ ಇತ್ತು. ವಾರವೆಲ್ಲ ಲೇತ್ ಯಂತ್ರದ ಮುಂದೆ ನಿಂತು ದುಡಿದು, ರಜೆಯ ದಿನ ಗುಜರಿಯಿಂದ ತಂದ ಗಾಡಿಗಳಿಗೆ ಜೀವ ತುಂಬಿ ಓಡಿಸುವುದೇ ಅಣ್ಣತಮ್ಮಂದಿರ ಹಬ್ಬವಾಗಿತ್ತು.

ನಾಬ್ ಮುಚ್ಚಿದ್ದರೂ ಗಾಡಿ ಹೊರಡುತ್ತದೆ. ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲಿನಲ್ಲೇ ಒಂದೆರಡು ಕಿಲೋಮೀಟರು ಓಡುತ್ತದೆ. ಆಮೇಲೆ ಹೇಳದೆ ಕೇಳದೆ ನಿಂತುಬಿಡುತ್ತದೆ. ತಮ್ಮ ಪೂರ್ತಿ ರೇಸ್ ಕೊಟ್ಟು ಬಸ್ಸಿನ ಪಕ್ಕದಲ್ಲಿದ್ದಾಗ ನಿಂತಿದೆ.

"ಕೊಂದಿದಾರೆ," ಎಂದ ಅಣ್ಣ ಗಟ್ಟಿಯಾಗಿ.

ತಮ್ಮನೇ ಮುಚ್ಚಿ ಮರೆತಿರಬಹುದೇ? ಛೆ! ಗಾಡಿ ನಿಲ್ಲಿಸಿದಾಗ ಪೆಟ್ರೋಲ್ ಸೋರದಂತೆ ಎಲ್ಲರೂ ನಾಬ್ ಮುಚ್ಚುತ್ತಾರೆ, ಆ ಸೋಮಾರಿ ಜನ್ಮದಲ್ಲಿ ಮುಚ್ಚಿದವನಲ್ಲ. ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೂ ಸೀಟಿ ಹಾಕುತ್ತ ಹೋಗಿಬಿಡುತ್ತಿದ್ದ. ಮುಚ್ಚುವ ಅಭ್ಯಾಸವೇ ಇಲ್ಲದವನು ಹೊರಡುವಾಗ ಅದನ್ನು ಮುಟ್ಟಿ ನೋಡುವುದಾದರೂ ಯಾಕೆ? ಇದು ಗೊತ್ತಿದ್ದವರೇ ಮಾಡಿದ ಕೆಲಸ.

ಅವತ್ತು ಲಾರಿ ಬಡಿದ ಜಾಗಕ್ಕೆ ಒಂದೆರಡು ಕಿಲೋಮೀಟರು ಮೊದಲು ಚಹಾಕ್ಕೆಂದು ಗಾಡಿ ನಿಲ್ಲಿಸಿದವರು ಮೂವರು. ಸತ್ತವನನ್ನು ಬಿಟ್ಟರೆ ಇಬ್ಬರು. ತನ್ನನ್ನು ಬಿಟ್ಟರೆ ಒಬ್ಬ. ವಾಚ್ ರಿಪೇರಿಯವ. ಎಲ್ಲರ ಬಾಯಲ್ಲಿ 'ಗಡಿಯಾರ'. ತಮ್ಮನ ಗಾಡಿಯ ಮೇಲೆ ಅವನಿಗೆ ವರ್ಷಗಳಿಂದ ಕಣ್ಣು. ಅವತ್ತೂ ಕೇಳಿದ್ದ, ತಮ್ಮ ಕೊಡಲ್ಲವೆಂದಿದ್ದ. "ನೀನು ಓಡಿಸೋ ಚೆಂದಕ್ಕೆ ಅದು ನಿನ್ ಕೈಲಿ ಉಳಿಯಲ್ಲ ಬಿಡು," ಎಂದು ಗಡಿಯಾರ ಸಿಡುಕಿದ್ದ. ಮಣ್ಣು ಮಾಡಿದ ದಿನ ಬಂದುಹೋದವನು ಮತ್ತೆ ಈ ಮನೆಯ ಕಡೆ ತಲೆ ಹಾಕಿರಲಿಲ್ಲ. ಬೀದಿಯಲ್ಲಿ ಎದುರಾದರೆ ಅಂಗಡಿಯೊಳಗೆ ನುಗ್ಗುತ್ತಿದ್ದ.

ಹಿತ್ತಲಲ್ಲಿ ತಮ್ಮನ ಹೆಂಡತಿ ನಲ್ಲಿಗೆ ಬಕೆಟ್ ಒಡ್ಡಿ ಕೂತಿದ್ದಳು. ಅಣ್ಣ ಅವಳ ಪಕ್ಕ ನಿಂತು, ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

"ಬಕೆಟ್ ಇನ್ನೂ ತುಂಬಿಲ್ಲ ಭಾವ," ಎಂದು ಅವಳು ನಲ್ಲಿಯನ್ನು ಮತ್ತೆ ತಿರುಗಿಸಿದಳು. ಆಮೇಲೆ ಅವನು ಹೇಳಿದ್ದು ತಲೆಗೆ ಹೋಗಿ, ನೀರು ತುಂಬಿ ಚೆಲ್ಲಿದರೂ ಹಾಗೇ ಕೂತಳು. "ಅವರದೇ ತಪ್ಪು ಅಂತ ನಾನೂ ಬೈಕೊಂಡೆನಲ್ಲ ಭಾವ ಇಷ್ಟು ದಿನ. ಸತ್ತವರನ್ನ ಬೈಕೊಂಡೆ. ಯಾರು ಅಂತ ಒಂದ್ ಹೆಸರು ಹೇಳಿ, ಸಾಕು."

"ಹೆಸರು ಅವನ ಬಾಯಿಂದಲೇ ಹೊರಡಿಸ್ತೀನಮ್ಮ. ಅಲ್ಲೀವರೆಗೂ ಈ ಹೊಸ್ತಿಲು ತುಳಿಯಲ್ಲ."

ದೊಡ್ಡ ಸ್ಪಾನರ್ ಹಿಡಿದೇ ಹೊರಟ. ಗಡಿಯಾರ ಆಗಷ್ಟೇ ಬಂದು, ಗಾಡಿಯನ್ನು ರಸ್ತೆಬದಿಗೆ ನಿಲ್ಲಿಸಿ ಅಂಗಡಿಯ ಬಾಗಿಲು ಎತ್ತುತ್ತಿದ್ದ. ಎಂಜಿನ್ ಇನ್ನೂ ಬಿಸಿಯಿತ್ತು. ಅದರ ಕೆಳಗೆ ಪೆಟ್ರೋಲ್ ಟಪ್ ಟಪ್ ಎಂದು ತೊಟ್ಟಿಕ್ಕುತ್ತಿತ್ತು. ಅಣ್ಣ ಆ ಗಾಡಿಯ ಪಕ್ಕದಲ್ಲೇ ನಿಂತು, ಬಲಗೈಯ ಸ್ಪಾನರನ್ನು ಅವನ ಎದೆಗೆ ಗುರಿಯಿಟ್ಟ.

"ನಾಬ್ ಮುಚ್ಚಿತ್ತು," ಎಂದ.

ಗಡಿಯಾರ ಬೆಚ್ಚಲಿಲ್ಲ. ಬಾಗಿಲನ್ನು ಅರ್ಧಕ್ಕೇ ಬಿಟ್ಟು ಮೆಟ್ಟಿಲ ಮೇಲೆ ಕುಸಿದು ಕೂತ.

"ಗೊತ್ತು."

"ಗೊತ್ತಾ? ಗೊತ್ತಿದ್ದೂ ಒಂಬತ್ತು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ಹೊರಡುವಾಗ ಅವನೇ ತೆಕ್ಕೋತಾನೆ ಅಂದ್ಕೊಂಡೆ ಕಣೋ. ನಾವೆಲ್ಲ ತೆಕ್ಕೊಳಲ್ವಾ? ದಿನಾ ಅದೇ ನೆನಪಾಗುತ್ತೆ. ಆಮೇಲೆ ನಿನ್ ಮುಖ ನೋಡೋ ಧೈರ್ಯ ಬರ್ಲಿಲ್ಲ."

"ಎಲ್ಲಿಂದ ಬರುತ್ತೆ? ಮಾಡಬಾರದ್ದು ಮಾಡಿ!"

"ಹೋಗ್ಲಿ ಬಿಡೋ. ಕೇಳಿ ಏನ್ ಮಾಡ್ತೀಯ? ನಾನೇ ಅಂತ ಇಟ್ಕೋ. ಬೇಕಾದ್ರೆ ಹೊಡಿ."

ಅಣ್ಣನಿಗೆ ರೇಗಿಹೋಯಿತು. ಇಟ್ಕೋ ಅಂತೆ! ಹೋಗಿರುವುದು ಒಂದು ಜೀವ, ಇವನು ಅದಕ್ಕೂ ಚೌಕಾಸಿ ಮಾಡುತ್ತಾನೆ. ಅಕ್ಕಪಕ್ಕದ ಅಂಗಡಿಯವರು ಹೊರಗೆ ಬಂದು ನಿಂತರು. ಅವನಿಗೆ ಯಾರೂ ಕಾಣಿಸಲಿಲ್ಲ.

"ಇಟ್ಕೊಳೋಕೆ ಬಂದಿಲ್ಲ ನಾನು! ಮನೇಲಿ ಒಬ್ಳು ಹೆಸರಿಗೆ ಕಾಯ್ತಾ ಕೂತಿದಾಳೆ. ಅವಳಿಗೆ ಏನಂತ ಹೇಳ್ಲಿ? ನಿಜ ಹೇಳು. ನನ್ ತಮ್ಮನ ಗಾಡಿ ನಾಬ್ ಮುಚ್ಚಿದ್ದು ಯಾರು?"

ಗಡಿಯಾರ ಅವನ ಮುಖ ನೋಡುತ್ತಿರಲಿಲ್ಲ, ಸ್ಪಾನರನ್ನೂ ನೋಡುತ್ತಿರಲಿಲ್ಲ. ಬೇರೆಲ್ಲೋ ನೋಡುತ್ತ ಒಮ್ಮೆಲೇ ಅತ್ತುಬಿಟ್ಟ.

"ಅವತ್ತೂ ಹೀಗೇ ಕಣೋ. ಮಾತಾಡ್ತಾ ಮಾತಾಡ್ತಾ. ನಿನ್ ಎಡಗೈ ನೋಡ್ಕೊ."

ಅಣ್ಣ ತಲೆ ತಗ್ಗಿಸಿ ನೋಡಿದ: ಪೆಟ್ರೋಲ್ ತೊಟ್ಟಿಕ್ಕುವುದು ಯಾವಾಗಲೋ ನಿಂತಿತ್ತು, ಗಡಿಯಾರನ ಗಾಡಿಯ ನಾಬನ್ನು ತಿರುಗಿಸಿ ಮುಚ್ಚಿದ ಅವನ ಎರಡು ಬೆರಳು ಇನ್ನೂ ಅದರ ಮೇಲೇ ಇದ್ದವು.